ಮೀನಿಗೆ ತಕ್ಕ ಗಾಜಿನ ಮನೆ

ಶತಪಥ ಬ್ರಾಹ್ಮಣದಲ್ಲಿ ಮನುವಿನ ಕಥೆಯೊಂದಿದೆ. ಕೈತೊಳೆಯುವ ನೀರಿನಲ್ಲಿ ಸಿಕ್ಕಿದ ಪುಟ್ಟ ಮೀನು, ತನ್ನನ್ನು ಮೊದಲು ಕೊಡದಲ್ಲಿಡಬೇಕೆಂದೂ ಬೆಳೆದಾಗ ಗುಂಡಿ ತೋಡಿ ಬಿಡಬೇಕೆಂದೂ ಅದೂ ಸಾಲದಾದಾಗ ಕಡಲಿಗೆ ಒಯ್ಯಬೇಕೆಂದೂ ತಾನೇ ಹೇಳಿತಂತೆ. ನಾವು ಅಂಗಡಿಯಿಂದ ತರುವ ಮೀನಿಗೆ ಆ ಮಾತಿಲ್ಲ. ಅದು ಬಾಯಿ ತೆರೆದರೂ ನಮಗೆ ಅರ್ಥವಾಗುವುದಿಲ್ಲ.

ನನಗೂ ಆಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ತರಗತಿಯ ಮಕ್ಕಳಿಗೆಂದು ಒಂದು ಗುಂಡನೆಯ ಗಾಜಿನ ಬುಂಡೆಯನ್ನೂ ಎರಡು ಗೋಲ್ಡ್ ಫಿಷ್‌ಗಳನ್ನೂ ಕೊಂಡುತಂದೆ. ನೋಟಕ್ಕೆ ಚೆನ್ನಾಗಿರಲೆಂದು ಕಂಠದವರೆಗೆ ನೀರು ತುಂಬಿಸಿದೆ. ಮೂರನೆಯ ದಿನ ಬೆಳಿಗ್ಗೆ ಅವು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದುವು. “ಹಸಿವಾಗಿದೆ ಸಾರ್” ಎಂದನೊಬ್ಬ ಹುಡುಗ. ನಾನೂ ಹೌದೆಂದು ನಂಬಿ ಇನ್ನಷ್ಟು ಆಹಾರ ಹಾಕಿಸಿದೆ. ಮರುದಿನಕ್ಕೆ ಎರಡೂ ಸತ್ತಿದ್ದುವು. ಅವು ಬೇಡಿದ್ದು ಆಹಾರವನ್ನಲ್ಲ, ಉಸಿರನ್ನು.

ಮೀನು ಉಸಿರಾಡುವುದು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು. ಅದು ತೀರ ಸ್ವಲ್ಪ. 20 ಡಿಗ್ರಿ ಉಷ್ಣತೆಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ಬೇಸಗೆಯಲ್ಲಿ ಮೀನಿನ ಪಾಡು ಬಿಗಡಾಯಿಸುವುದು ಇದರಿಂದಲೇ. ಕಳೆದ ಆಮ್ಲಜನಕ ಮತ್ತೆ ಒಳಗೆ ಸೇರುವುದು ಬಹುಮಟ್ಟಿಗೆ ಗಾಳಿಯನ್ನು ಮುಟ್ಟುವ ಮೇಲ್ಮೈಯಿಂದ. ತಿಂದುಳಿದ ಆಹಾರ ಕೊಳೆತರೆ ಅದೂ ಇದೇ ಆಮ್ಲಜನಕವನ್ನು ಹೀರುತ್ತದೆ. ಆದುದರಿಂದ ತೊಟ್ಟಿಯನ್ನು ಕೊಳ್ಳುವಾಗ ಎಷ್ಟು ಲೀಟರು ಹಿಡಿಯುತ್ತದೆಂದು ಕೇಳಿದರೆ ಸಾಲದು. ನೀರಿನ ಬಾಯಿ ಎಷ್ಟಗಲ ಎಂದು ಅಳೆಯಬೇಕು.

30 ಸೆಂಟಿಮೀಟರ್ ವ್ಯಾಸದ ಬುಂಡೆಯನ್ನು ಅರ್ಧದವರೆಗೆ ತುಂಬಿಸಿದರೆ ಮೇಲ್ಮೈ ಸುಮಾರು 700 ಚದರ ಸೆಂಟಿಮೀಟರ್. ಅದನ್ನೇ 15 ಸೆಂಟಿಮೀಟರ್ ಅಗಲದ ಕಂಠದವರೆಗೆ ತುಂಬಿಸಿದರೆ ಬರಿಯ 177. ನೀರು ಹೆಚ್ಚಾಯಿತು, ಉಸಿರಿನ ಬಾಗಿಲು ಕಾಲುಭಾಗವಾಯಿತು! ನಾನು ಮಾಡಿದ್ದು ಇದನ್ನೇ.

ಇನ್ನು ಚೌಕಾಕಾರದ ತೊಟ್ಟಿಗಳು. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿ 54 ಲೀಟರು ಹಿಡಿಯುತ್ತದೆ. ಅದನ್ನೇ ಕಂಬದಂತೆ ನೆಟ್ಟಗೆ ನಿಲ್ಲಿಸಿ ಮಾಡಿದರೂ 54 ಲೀಟರೇ. ಆದರೆ ಮೊದಲನೆಯದರ ಮೇಲ್ಮೈ 1800 ಚದರ ಸೆಂಟಿಮೀಟರ್, ಎರಡನೆಯದರದು 900. ಉಷ್ಣವಲಯದ ಸಣ್ಣ ಮೀನುಗಳಿಗೆ, ಬಾಲವನ್ನು ಬಿಟ್ಟು, ಒಂದು ಅಂಗುಲ ಮೈಗೆ 12 ಚದರ ಅಂಗುಲ ಮೇಲ್ಮೈ ಬೇಕೆಂಬುದು ಹವ್ಯಾಸಿಗಳ ಹಳೆಯ ಲೆಕ್ಕ. ಅಡ್ಡಲಾಗಿರುವ ತೊಟ್ಟಿಯಲ್ಲಿ ಅಂಗುಲದುದ್ದದ ಇಪ್ಪತ್ತನಾಲ್ಕು ಮೀನುಗಳಿಗೆ ಎಡೆಯಾದರೆ, ಕಂಬದ ತೊಟ್ಟಿಯಲ್ಲಿ ಹನ್ನೆರಡಕ್ಕೆ. ಗೋಲ್ಡ್ ಫಿಷ್‌ಗೆ ಇದರ ಎರಡರಷ್ಟಕ್ಕೂ ಮೀರಿ ಬೇಕು. ಗಾಳಿಯ ಪಂಪು ಇದೆಯಲ್ಲ ಎನ್ನುತ್ತೀರಿ. ಅದರ ಗುಳ್ಳೆಗಳು ಮುಖ್ಯವಾಗಿ ಕೆಳಗಿನ ನೀರನ್ನು ಮೇಲಕ್ಕೆ ತಂದು ಮೇಲ್ಮೈಯನ್ನು ಕದಡುತ್ತವೆ, ಪ್ರಯೋಜನವುಂಟು. ಆದರೆ ರಾತ್ರಿ ಕರೆಂಟು ಹೋದಾಗ ಉಳಿಯುವುದು ಮೇಲ್ಮೈಯೊಂದೇ.

ಮೀನು ಬೆಳೆಯುವುದು ತೊಟ್ಟಿಯ ಅಳತೆಗೆ ಮಾತ್ರ ಎಂಬ ಮಾತೊಂದಿದೆ. ಅದನ್ನು ನಂಬಬೇಡಿ. ಇಕ್ಕಟ್ಟಿನ ಕೊಳಕು ನೀರಿನಲ್ಲಿ ಮೀನು ಕುಗ್ಗಿ, ರೋಗ ಹಿಡಿದು, ಬೇಗ ಸಾಯುತ್ತದೆ. ಅದನ್ನು ಹೊಂದಿಕೊಂಡಿತೆಂದು ಕರೆಯುವುದು ಅನ್ಯಾಯ. ಗೋಲ್ಡ್ ಫಿಷ್ ಚೆನ್ನಾಗಿ ಬೆಳೆದರೆ ಗೇಣುದ್ದ ದಾಟುತ್ತದೆ.

ಮೀನಿನ ನಡೆಯನ್ನೂ ನೋಡಬೇಕು. ನಮ್ಮ ಪಶ್ಚಿಮ ಘಟ್ಟದ, ಕೇರಳದ ಹಾಗೂ ದಕ್ಷಿಣ ಕರ್ನಾಟಕದ ತೊರೆಗಳಲ್ಲಿ ಕೆಂಪು ಕಪ್ಪು ಗೆರೆಯ ಮೀನೊಂದಿದೆ. ಅಂಗಡಿಯವರು ಅದನ್ನು ಮಿಸ್ ಕೇರಳ ಎನ್ನುತ್ತಾರೆ. ಫ್ರಾನ್ಸಿಸ್ ಡೇ ಎಂಬ ಮತ್ಸ್ಯವಿಜ್ಞಾನಿ ಅದನ್ನು 1865ರಲ್ಲಿ ವರ್ಣಿಸಿದ. ಹರಿಯುವ ನೀರಿನಲ್ಲಿ ಗುಂಪಾಗಿ ಓಡುವ ಜಾತಿ ಅದು. ಸುಮಾರು 15 ಸೆಂಟಿಮೀಟರ್ ಬೆಳೆಯುತ್ತದೆ. ನಾಲ್ಕಡಿ ಉದ್ದದ ತೊಟ್ಟಿಯಿಲ್ಲದವರು ಅದರ ಆಸೆ ಬಿಡುವುದು ಲೇಸು. ಕಾಡಿನಿಂದ ಹಿಡಿದು ಮಾರಿದ್ದರಿಂದಲೇ ಅದರ ಸಂತತಿಗೆ ಅಪಾಯ ಒದಗಿದೆ. ಏಂಜಲ್ ಮೀನಿಗಾದರೋ ರೆಕ್ಕೆಗಳು ಮೇಲಕ್ಕೂ ಕೆಳಕ್ಕೂ ಚಾಚಿರುವುದರಿಂದ 45 ಸೆಂಟಿಮೀಟರ್ ಎತ್ತರ ಬೇಕು. ಫೈಟರ್ ಮೀನು ಮೇಲೆ ಬಂದು ಗಾಳಿಯನ್ನೇ ನೇರವಾಗಿ ನುಂಗಬಲ್ಲುದು. ಆದುದರಿಂದಲೇ ಅದನ್ನು ಲೋಟದಲ್ಲಿಟ್ಟು ಮಾರುತ್ತಾರೆ. ಬದುಕಿರಬಲ್ಲುದು ಎಂಬುದಕ್ಕೂ ಬಾಳಬಲ್ಲುದು ಎಂಬುದಕ್ಕೂ ಕನ್ನಡದಲ್ಲಿ ಅಂತರವುಂಟಷ್ಟೆ. ಅದಕ್ಕೂ ಇಪ್ಪತ್ತು ಲೀಟರಿನಷ್ಟಾದರೂ ಕೊಡಿ.

ಎತ್ತರ ಹೆಚ್ಚಿದಷ್ಟೂ ಗಾಜಿನ ಮೇಲೆ ನೀರಿನ ಒತ್ತಡ ಹೆಚ್ಚು, ಗಾಜು ದಪ್ಪವಾಗಬೇಕು, ಬೆಲೆ ಏರುತ್ತದೆ. ತಳ ತೊಳೆಯಲು ಕೈಯೂ ಎಟುಕದು. 54 ಲೀಟರು ನೀರೆಂದರೆ 54 ಕಿಲೋಗ್ರಾಂ ಭಾರ. ಮರಳು, ಗಾಜು ಬೇರೆ. ತೆಳ್ಳನೆಯ ಹಲಗೆಯ ಮೇಲೆ ಇಡಬೇಡಿ. ಹೊಸ ತೊಟ್ಟಿಯನ್ನು ಅಂಗಳದ ಸಮನೆಲದಲ್ಲಿ ಒಂದು ದಿನ ತುಂಬಿಸಿಟ್ಟು, ಸೋರದೆಂದು ನೋಡಿಕೊಂಡ ಮೇಲೆ ಖಾಲಿ ಮಾಡಿಯೇ ಒಳಕ್ಕೆ ತನ್ನಿ.