ಜೋಡಿ



ಶಿಗ್ಗಾವಿ ಸೀಮೆಯ ಹಿರೇಬೆಂಡಿಗೇರಿಯಂಥ ನಮ್ಮ ಊರುಗಳಲ್ಲಿ, ಜಾತ್ರೆಯ ಕುಸ್ತಿಯನ್ನು ನೋಡುತ್ತ ಬೆಳೆದವರೆಲ್ಲರಿಗೂ ಪರಿಚಿತವಾದ ಮಾತೊಂದಿದೆ. ಪೈಲವಾನರ ಮೈಕಟ್ಟನ್ನೂ ಪಳಗಿಕೆಯನ್ನೂ ಅಳೆದು ನೋಡಿ, ಯಾರಿಗೆ ಯಾರೆಂದು ಹಿರಿಯರು ನಿಶ್ಚಯಿಸುವುದಕ್ಕೆ ‘ಜೋಡಿ ಕಟ್ಟುವುದು’ ಎನ್ನುತ್ತಾರೆ. ಒಂದೇ ನೊಗಕ್ಕೆ ಹೆಗಲು ಕೊಟ್ಟ ಎತ್ತುಗಳಿಗೆ ಯಾವ ಶಬ್ದವೋ, ಹಸೆಯ ಮೇಲೆ ಕುಳಿತ ವಧೂವರರಿಗೆ ಯಾವ ಶಬ್ದವೋ, ಒಬ್ಬರನ್ನೊಬ್ಬರು ಕೆಡಹಲೆಂದೇ ಕಣಕ್ಕಿಳಿಯುವ ಇಬ್ಬರಿಗೂ ನಮ್ಮ ಜನ ಅದೇ ಶಬ್ದವನ್ನು ಕೊಟ್ಟಿರುವರು.

ಬೆಳಗಾವಿ ಜಿಲ್ಲೆಯ ಯಕ್ಸಂಬಾದಲ್ಲಿ ಜನಿಸಿ, ಕೊಲ್ಲಾಪುರದ ತಾಲೀಮಿನಲ್ಲಿ ಪಳಗಿದ ಪೈಲವಾನ ಶ್ರೀಪತಿ ಖಂಚನಾಳೆಯವರು, 1959ರಲ್ಲಿ ದೆಹಲಿಯಲ್ಲಿ ಪಂಜಾಬಿನ ಬಂತಾಸಿಂಗರನ್ನು ಮಣಿಸಿ ಮೊದಲ ‘ಹಿಂದ್ ಕೇಸರಿ’ ಎನಿಸಿದರು. 2020ರ ಡಿಸೆಂಬರಿನಲ್ಲಿ ಖಂಚನಾಳೆಯವರು ಕಾಲವಾದಾಗ, ಅರವತ್ತೊಂದು ವರ್ಷಗಳ ಹಿಂದಿನ ಆ ವಿಜಯವನ್ನು ಸ್ಮರಿಸಿದವರು ಬಂತಾಸಿಂಗರ ಹೆಸರನ್ನೂ ಜೊತೆಗೇ ಉಚ್ಚರಿಸಬೇಕಾಯಿತು. ಎದುರು ನಿಂತವನು ಬಲಾಢ್ಯನಲ್ಲದಿದ್ದರೆ ಬಿರುದಿಗೆ ತೂಕವೆಲ್ಲಿಂದ ಬಂದೀತು?

ಈ ಸತ್ಯವನ್ನು ಮರೆತು, ಬಹು ತಡವಾಗಿ ನೆನೆದ ಮಹಾಮಲ್ಲನೊಬ್ಬನ ಕಥೆ ದೂರದ ಅಮೆರಿಕೆಯದು. ವಿಯೆಟ್ನಾಂ ಯುದ್ಧಕ್ಕಾಗಿ ಸೈನ್ಯ ಸೇರಲೊಲ್ಲದೆ 1967ರಲ್ಲಿ ಬಾಕ್ಸಿಂಗಿನ ಪ್ರಶಸ್ತಿಯನ್ನೂ ಪರವಾನಗಿಯನ್ನೂ ಕಳೆದುಕೊಂಡ ಮಹಮ್ಮದ್ ಅಲಿಗೆ ಆ ಕಷ್ಟದ ದಿನಗಳಲ್ಲಿ ಹಣ ಕೊಟ್ಟು, ಪರವಾನಗಿ ಮರಳಿ ದೊರೆಯಲೆಂದು ಅವನ ಪರವಾಗಿ ನುಡಿದವನು ಸಹ ಬಾಕ್ಸರ್ ಜೋ ಫ್ರೇಜಿಯರ್. ಅದೇ ಫ್ರೇಜಿಯರನು 1971ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ, ಹದಿನೈದನೆಯ ಸುತ್ತಿನಲ್ಲಿ ತನ್ನ ಎಡಗೈ ಪ್ರಹಾರದಿಂದ ಅಲಿಯನ್ನು ನೆಲಕ್ಕುರುಳಿಸಿ, ಅವನ ವೃತ್ತಿಜೀವನದ ಮೊದಲ ಸೋಲನ್ನು ಉಣಿಸಿದನು. 1974ರ ಎರಡನೆಯ ಕಾಳಗ ಅಲಿಯದಾಯಿತು. 1975ರ ಅಕ್ಟೋಬರ್ 1ರಂದು ಮನಿಲಾದ ಸುಡುಸೆಕೆಯಲ್ಲಿ ಹದಿನಾಲ್ಕು ಸುತ್ತು ಕಾದಾಡಿದ ಮೇಲೆ, ಫ್ರೇಜಿಯರನ ಕಣ್ಣುಗಳು ಬಾತು ಮುಚ್ಚಿಕೊಂಡವು. ಆತ ಇನ್ನೊಂದು ಸುತ್ತಿಗೆ ಏಳುತ್ತೇನೆಂದರೂ ಆತನ ಗುರು ಎಡ್ಡಿ ಫಚ್ ಏಳಗೊಡಲಿಲ್ಲ. ಗೆದ್ದ ಅಲಿಯೂ ನಿಲ್ಲಲಾರದೆ ಕುಸಿದನು.

ಆದರೆ ಮುಷ್ಟಿಯ ಪೆಟ್ಟುಗಳು ಮಾಯುವ ಹಾಗೆ ನಾಲಗೆಯ ಪೆಟ್ಟುಗಳು ಮಾಯಲಿಲ್ಲ. ಕಾಳಗಕ್ಕೆ ಜನ ಸೇರಿಸುವ ಭರದಲ್ಲಿ ಅಲಿ ಆಡಿದ ಹೀನಾಯದ ಮಾತುಗಳನ್ನು, ತನ್ನ ಉಪಕಾರವನ್ನು ಆತ ಮರೆತನೆಂಬ ನೋವನ್ನು, ಫ್ರೇಜಿಯರನು ದಶಕಗಳವರೆಗೆ ಎದೆಯಲ್ಲಿ ಹೊತ್ತು ತಿರುಗಿದನು. 2001ರಲ್ಲಿ ಅಲಿ ಬಹಿರಂಗವಾಗಿ ಕ್ಷಮೆ ಬೇಡಿದನು. 2011ರ ನವೆಂಬರಿನಲ್ಲಿ ಫ್ರೇಜಿಯರನು ತೀರಿಕೊಂಡಾಗ, ಪಾರ್ಕಿನ್ಸನ್ ವ್ಯಾಧಿಯಿಂದ ಜರ್ಜರಿತನಾಗಿದ್ದ ಅಲಿ ಅವನ ಅಂತ್ಯಸಂಸ್ಕಾರಕ್ಕೆ ಬಂದನು. ತನ್ನ ಕೀರ್ತಿಯ ಅರ್ಧವನ್ನು ತನ್ನೊಡನೆ ಕಡೆದವನನ್ನು ಬೀಳ್ಕೊಡದೆ ಆ ಜೀವ ಹೇಗೆ ನಿಂತೀತು!

ನಮ್ಮ ಗರಡಿಯ ಹಿರಿಯರು ಇದನ್ನು ಎಳೆಯರಿಗೆ ಮೊದಲೇ ಕಲಿಸುತ್ತಿದ್ದರು: ಕೆಮ್ಮಣ್ಣನ್ನು ಹಣೆಗೆ ಹಚ್ಚಿಕೊ, ಎದುರಿನವನಿಗೆ ಕೈ ಕೊಡು, ಆಮೇಲೆ ಹಿಡಿತ ಹಾಕು. ಕೈ ಕೊಡುವುದು ಮೊದಲು, ಕೆಡಹುವುದು ಅನಂತರ. ಪಕ್ಕದ ಹೊಲದಲ್ಲಿ ನಮಗಿಂತ ಹೆಚ್ಚು ಬೆಳೆ ತೆಗೆದವನನ್ನು, ಶಾಲೆಯಲ್ಲಿ ನಮ್ಮ ಮಗನಿಗಿಂತ ಮುಂದೆ ಹೋದ ಬೇರೆಯವರ ಮಗನನ್ನು ಕಂಡು ಮನಸ್ಸು ಕುದಿಯುವಾಗ, ನಮ್ಮನ್ನು ನಿದ್ದೆಗೊಡದೆ ಎಬ್ಬಿಸಿ ದುಡಿಸುತ್ತಿರುವವನು ಅವನೇ ಎಂದು ಎಣಿಸಿ, ‘ಇವನು ನನ್ನ ಜೋಡಿ’ ಎಂದು ಒಮ್ಮೆ ಅಂದುಕೊಳ್ಳೋಣ. ಆ ಮಾತನ್ನು ಅವನು ಬದುಕಿರುವಾಗಲೇ, ಅವನ ಎದುರಿಗೇ ಆಡೋಣ.