ನವಜಾತ ಶಿಶುವಿನ ಹೃದಯ ದೋಷ: ಮೊದಲ ವಾರದ ಎಚ್ಚರ



ಜನಿಸುವ ಪ್ರತಿ ಸಾವಿರ ಶಿಶುಗಳಲ್ಲಿ ಸುಮಾರು 8ರಿಂದ 10 ಶಿಶುಗಳಿಗೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷವಿರುತ್ತದೆ. ಹಲವು ದೋಷಗಳು ಸಣ್ಣ ರಂಧ್ರಗಳು. ಕೆಲವು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಆದರೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ದೋಷಕ್ಕೆ ಮೊದಲ ವರ್ಷದೊಳಗೇ ಚಿಕಿತ್ಸೆ ಅನಿವಾರ್ಯ. ಇಂದು ನಾನು ಮಾತನಾಡಬಯಸುವುದು ಅಂಥ ಮಕ್ಕಳನ್ನು ಕುರಿತು.

ಇಂಥ ಮಗು ಹುಟ್ಟಿದಾಗ ಅಳುತ್ತದೆ, ಹಾಲು ಕುಡಿಯುತ್ತದೆ, ತೂಕವೂ ಸರಿಯಾಗಿರಬಹುದು. ಇದಕ್ಕೆ ಕಾರಣವುಂಟು. ಗರ್ಭದಲ್ಲಿ ಶ್ವಾಸಕೋಶಗಳಿಗೆ ಕೆಲಸವಿಲ್ಲವಾದ್ದರಿಂದ, ರಕ್ತವು ಬೇರೆ ದಾರಿ ಹಿಡಿಯಲೆಂದು ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳ ನಡುವೆ ಒಂದು ಕಿರುನಾಳವಿರುತ್ತದೆ. ಜನನಾನಂತರ ಕೆಲವೇ ದಿನಗಳಲ್ಲಿ ಅದು ಮುಚ್ಚಿಕೊಳ್ಳುತ್ತದೆ. ತೀವ್ರ ದೋಷವುಳ್ಳ ಕೆಲವು ಶಿಶುಗಳು ಆ ನಾಳದ ಆಸರೆಯಿಂದಲೇ ಬದುಕಿರುತ್ತವೆ. ಅದು ಮುಚ್ಚಿತೆಂದರೆ ಮಗು ಕುಸಿಯುತ್ತದೆ. ಅಷ್ಟರಲ್ಲಿ ಬಾಣಂತಿ ತವರುಮನೆ ಸೇರಿರುತ್ತಾಳೆ. ನಿನ್ನೆ ಚೆನ್ನಾಗಿದ್ದ ಕೂಸು ಇಂದು ಇಲ್ಲವಾದರೆ ಹಿರಿಯರು ಬಾಲಗ್ರಹವೆನ್ನುತ್ತಾರೆ. ಅವರನ್ನು ದೂಷಿಸಿ ಫಲವಿಲ್ಲ. ಮನೆಗೆ ಕಳುಹಿಸುವ ಮುನ್ನ ಪರೀಕ್ಷಿಸಬೇಕಾದವರು ನಾವು.

ಪರೀಕ್ಷೆ ಸರಳವಾದುದು. ಹುಟ್ಟಿ 24 ಗಂಟೆಗಳಾದ ಮೇಲೆ ಮಗುವಿನ ಬಲಗೈಗೂ ಒಂದು ಪಾದಕ್ಕೂ ಪಲ್ಸ್ ಆಕ್ಸಿಮೀಟರಿನ ಪಟ್ಟಿ ಸುತ್ತಿ, ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುತ್ತಾರೆ. ಸೂಜಿಯಿಲ್ಲ, ನೋವಿಲ್ಲ. ಎರಡೂ ಕಡೆ ಶೇಕಡ 95 ಅಥವಾ ಹೆಚ್ಚಿದ್ದು, ಅಂತರ 3ನ್ನು ಮೀರದಿದ್ದರೆ ಸರಿ. ಯಾವುದಾದರೂ ಒಂದು ಕಡೆ 90ಕ್ಕಿಂತ ಕಡಿಮೆಯಾದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಉಳಿದವರಿಗೆ ಒಂದು ಗಂಟೆಯ ನಂತರ ಮತ್ತೆ ಅಳೆಯಬೇಕು. ದೊಡ್ಡವರ ಬೆರಳಿಗೆ ಸಿಕ್ಕಿಸುವ ಉಪಕರಣವನ್ನು ಕೂಸಿಗೆ ಬಳಸಿ ಬಂದ ಅಂಕಿಯನ್ನು ಮಾತ್ರ ನಂಬಬೇಡಿ.

ಗರ್ಭಿಣಿಯಾದಾಗಲೇ ದೋಷವನ್ನು ಕಾಣುವುದು ಇನ್ನೂ ಉತ್ತಮ. 18ರಿಂದ 20 ವಾರಗಳ ನಡುವಿನ ಸ್ಕ್ಯಾನಿಂಗಿನಲ್ಲಿ ಹೃದಯದ ನಾಲ್ಕು ಕೋಣೆಗಳನ್ನು ನೋಡಬಹುದು. ಮಧುಮೇಹವಿರುವವರು, ಮೊದಲ ಮಗುವಿಗೆ ಹೃದಯ ದೋಷವಿದ್ದವರು, ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾದವರು ಇದನ್ನು ವೈದ್ಯರಿಗೆ ಮೊದಲೇ ಹೇಳಬೇಕು. (ಸ್ಕ್ಯಾನಿಂಗಿನಲ್ಲಿ ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯಿದೆಯಂತೆ ಅಪರಾಧ.) ದೋಷ ಮೊದಲೇ ತಿಳಿದರೆ ಹೃದಯ ಚಿಕಿತ್ಸೆಯಿರುವ ಊರಿನಲ್ಲೇ ಹೆರಿಗೆ ಮಾಡಿಸಬಹುದು, ಕಿರುನಾಳವನ್ನು ತೆರೆದಿಡುವ ಔಷಧಿಯೂ ಅಲ್ಲಿ ದೊರೆಯುತ್ತದೆ.

ಇಷ್ಟಾದರೂ ಕೆಲವು ದೋಷಗಳು, ಮುಖ್ಯವಾಗಿ ಮಹಾಅಪಧಮನಿಯ ಕಿರಿದಾಗುವಿಕೆ, ಆಕ್ಸಿಮೀಟರಿಗೂ ಸಿಕ್ಕದೆ ಹೋಗುತ್ತವೆ. ಆದುದರಿಂದ ಮನೆಯಲ್ಲಿಯೂ ಗಮನವಿರಲಿ. ನಮ್ಮ ಬಾಣಂತಿ ಕೋಣೆ ಕತ್ತಲು. ಅಲ್ಲಿ ನೀಲಿ ಬಣ್ಣ ಕಾಣದು. 3ನೆಯ, 7ನೆಯ ದಿನದ ಭೇಟಿಗಳಲ್ಲಿ ಆಶಾ ಕಾರ್ಯಕರ್ತೆಯರು ಮಗುವನ್ನು ಬೆಳಕಿಗೆ ತಂದು ನಾಲಗೆಯನ್ನೂ ತುಟಿಯ ಒಳಭಾಗವನ್ನೂ ನೋಡಬೇಕು. ಅಂಗೈ ಅಂಗಾಲು ನೀಲಿಯಾಗುವುದು ಎಳೆಗೂಸುಗಳಲ್ಲಿ ಸಾಮಾನ್ಯ. ನಾಲಗೆ ನೀಲಿಯಾಗುವುದು ಸಾಮಾನ್ಯವಲ್ಲ. ಹಾಲು ಕುಡಿಯುವಾಗ ಹಣೆ ಬೆವರುವುದು, ಎರಡು ಗುಟುಕಿಗೆ ದಣಿದು ಬಿಡುವುದು, ಉಸಿರು ನಿಮಿಷಕ್ಕೆ 60ನ್ನು ಮೀರುವುದು — ಇವುಗಳಲ್ಲಿ ಒಂದು ಕಂಡರೂ ಸಾಕು, ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನ ಹೃದಯ ದೋಷವೂ ಸೇರಿರುವುದರಿಂದ, ಖರ್ಚಿಗೆ ಅಂಜಿ ತಡಮಾಡಬೇಕಿಲ್ಲ. ದಾರಿಯಲ್ಲಿ ಮಗುವನ್ನು ತಾಯಿಯ ಎದೆಗೊರಗಿಸಿ ಬೆಚ್ಚಗಿಡಿ. ತಾಯಿ ಕಾರ್ಡನ್ನು ಜೊತೆಯಲ್ಲೇ ಒಯ್ಯಿರಿ.