ಹಿಡಿದದ್ದನ್ನು ಬಿಡುವ ವಿದ್ಯೆ



ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ಹಿಸ್ಟೋನ್ ಚಾಪೆರೋನ್‌ಗಳು: ಒಂದು ಸಮೀಕ್ಷೆ’ ಎಂದು ಅಚ್ಚು ಹಾಕಿಸಿದ್ದಾರೆ. ಸಂಘಟಕರ ಕ್ಷಮೆ ಕೋರಿ ಹೇಳುತ್ತೇನೆ, ನಾನು ಸಮೀಕ್ಷೆ ಮಾಡುವುದಿಲ್ಲ. ಸಮೀಕ್ಷೆಗೆ ಬೇಕಾದವರೆಲ್ಲ ಮುಂದಿನ ಎರಡು ಸಾಲಿನಲ್ಲೇ ಕೂತಿದ್ದಾರೆ. ಕ್ಯಾಫ್-1 ಎಂಬ ಚಾಪೆರೋನ್ ಬಗ್ಗೆ ಹನ್ನೊಂದು ಗಂಟೆಗೆ ಕೇಳುತ್ತೀರಿ, ಫ್ಯಾಕ್ಟ್ ಎಂಬ ಇನ್ನೊಂದರ ಬಗ್ಗೆ ಊಟದ ನಂತರ. ನನಗೆ ಬಹಳ ವರ್ಷಗಳಿಂದ ಒಂದು ತಕರಾರಿದೆ. ಅದನ್ನಷ್ಟೇ ನಿಮ್ಮ ಮುಂದಿಡುತ್ತೇನೆ.

ಬೇರೆ ವಿಭಾಗಗಳಿಂದ ಬಂದವರಿಗಾಗಿ ಎರಡು ಮಾತು. ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟೂ ಇರದ ಕೋಶಕೇಂದ್ರದಲ್ಲಿ ಅದು ಹಿಡಿಸಬೇಕು. ಅದಕ್ಕಾಗಿ ಎಂಟು ಹಿಸ್ಟೋನ್ ಪ್ರೋಟೀನುಗಳ ಒಂದು ಉಂಡೆಗೆ ಡಿಎನ್‌ಎ ಹೆಚ್ಚುಕಡಿಮೆ ಒಂದೂಮುಕ್ಕಾಲು ಸುತ್ತು ಸುತ್ತಿಕೊಳ್ಳುತ್ತದೆ. ಇದೇ ನ್ಯೂಕ್ಲಿಯೋಸೋಮ್. ಹಿಸ್ಟೋನಿಗೆ ಧನ ವಿದ್ಯುದಂಶ, ಡಿಎನ್‌ಎಗೆ ಋಣ. ಇಷ್ಟು ಸೆಳೆತ ಇದ್ದಮೇಲೆ ತಾವಾಗಿ ಕೂಡಿಕೊಳ್ಳಬಹುದಲ್ಲ, ನಡುವೆ ಚಾಪೆರೋನ್ ಎಂಬ ಇನ್ನೊಬ್ಬರೇಕೆ?

ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಪುಸ್ತಕದಲ್ಲಲ್ಲ. ವಿದ್ಯಾರ್ಥಿಯಾಗಿದ್ದಾಗ ನಮ್ಮ ಗುರುಗಳು, 2 ಮೋಲಾರ್ ಉಪ್ಪಿನಲ್ಲಿ ಹಿಸ್ಟೋನ್ ಮತ್ತು ಡಿಎನ್‌ಎ ಬೆರೆಸು, ರಾತ್ರಿಯಿಡೀ ಉಪ್ಪು ನಿಧಾನವಾಗಿ ಇಳಿಸು ಅಂದಿದ್ದರು. ಊರಿಗೆ ಹೋಗುವ ಬಸ್ಸಿನ ಅವಸರ ನನಗೆ. ಉಪ್ಪಿನ ಗೊಡವೆ ಬಿಟ್ಟು ಎರಡನ್ನೂ ನೇರ ಬೆರೆಸಿದೆ. ಕಣ್ಣೆದುರೇ ಬೆಳ್ಳಗೆ ಗಟ್ಟಿಯಾಯಿತು. ಗುರುಗಳು ನಳಿಗೆಯನ್ನು ಬೆಳಕಿಗೆ ಹಿಡಿದು, “ಗಿಣ್ಣು ಚೆನ್ನಾಗಿ ಬಂದಿದೆ ಕಣಯ್ಯ, ಏಲಕ್ಕಿ ಹಾಕಿದೆಯೋ ಇಲ್ಲವೋ?” ಅಂದರು. ಸೆಳೆತ ಕಡಿಮೆಯಾದದ್ದರಿಂದ ಕೆಟ್ಟದ್ದಲ್ಲ, ಹೆಚ್ಚಾಗಿ ಕೆಟ್ಟದ್ದು. ಸಿಕ್ಕಸಿಕ್ಕಲ್ಲಿ ಅಂಟಿಕೊಂಡು ಎಲ್ಲವೂ ಮುದ್ದೆಯಾಗಿತ್ತು. ಜೀವಕೋಶದಲ್ಲಿ 2 ಮೋಲಾರ್ ಉಪ್ಪೂ ಇಲ್ಲ, ರಾತ್ರಿಯಿಡೀ ಕಾಯುವ ವ್ಯವಧಾನವೂ ಇಲ್ಲ.

1978ರಲ್ಲಿ ಕೇಂಬ್ರಿಜ್‌ನ ರಾನ್ ಲಾಸ್ಕಿ ಮತ್ತು ಸಂಗಡಿಗರು ಝೆನೋಪಸ್ ಕಪ್ಪೆಯ ಮೊಟ್ಟೆಯಲ್ಲಿ, ಹಿಸ್ಟೋನನ್ನು ಮುದ್ದೆಯಾಗಿಸದೆ ಡಿಎನ್‌ಎ ಮೇಲೆ ಕೂರಿಸುವ ಆಮ್ಲೀಯ ಪ್ರೋಟೀನೊಂದನ್ನು ಗುರುತಿಸಿದರು. ಅದೇ ನ್ಯೂಕ್ಲಿಯೋಪ್ಲಾಸ್ಮಿನ್. ಮುಂದೆ ಹುಟ್ಟಲಿರುವ ಸಾವಿರಾರು ಕೋಶಕೇಂದ್ರಗಳಿಗಾಗುವಷ್ಟು ಹಿಸ್ಟೋನನ್ನು ಆ ಮೊಟ್ಟೆ ಮೊದಲೇ ಕೂಡಿಟ್ಟಿರುತ್ತದೆ. ಅದನ್ನು ಮುದ್ದೆಯಾಗದಂತೆ ಕಾಯುವವರು ಬೇಕಲ್ಲ. ‘ಮಾಲಿಕ್ಯುಲರ್ ಚಾಪೆರೋನ್’ ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಪ್ರೋಟೀನ್ ಮಡಿಕೆಯವರು ಅದನ್ನು ತಮ್ಮದೆಂದುಕೊಂಡಿದ್ದಾರೆ. ಜಾನ್ ಎಲ್ಲಿಸ್ ಅದನ್ನು ಅವರ ಮನೆಗೂ ವಿಸ್ತರಿಸಿದ್ದು 1987ರಲ್ಲಿ. ಮೂಲ ಹಕ್ಕು ನಮ್ಮದೇ.

ಚಾಪೆರೋನ್‌ಗೆ ಕನ್ನಡದಲ್ಲಿ ಏನನ್ನಬೇಕೆಂದು ನನ್ನನ್ನು ಕೇಳುತ್ತಿರುತ್ತಾರೆ. ‘ಕಳಶಗಿತ್ತಿ’ ಅನ್ನುತ್ತೇನೆ. ಮದುಮಗಳ ಜೊತೆ ಮಂಟಪದವರೆಗೆ ಬರುತ್ತಾಳೆ, ಪಕ್ಕದಲ್ಲೇ ನಿಲ್ಲುತ್ತಾಳೆ, ಧಾರೆ ಮುಗಿದಮೇಲೆ ಅವಳನ್ನು ಊಟದ ಪಂಕ್ತಿಯಲ್ಲಿ ಹುಡುಕಬೇಕು. ಸರಿಯಾದ ಹೊತ್ತಿಗೆ ಪಕ್ಕಕ್ಕೆ ಸರಿಯುವುದು ಅವಳ ಕೆಲಸದ ಅರ್ಧ ಭಾಗ.

ನನ್ನ ತಕರಾರು ಇಲ್ಲಿಂದ ಶುರು. ಲಾಸ್ಕಿಯವರ ಆ ಲೇಖನದ ಶೀರ್ಷಿಕೆಯಲ್ಲೇ ಎರಡು ಕೆಲಸಗಳನ್ನು ಹೇಳಿದೆ. ಈ ಪ್ರೋಟೀನು ಹಿಸ್ಟೋನನ್ನು ಹಿಡಿಯುತ್ತದೆ, ಹಿಡಿದದ್ದನ್ನು ಡಿಎನ್‌ಎಗೆ ದಾಟಿಸುತ್ತದೆ. ನಾಲ್ಕು ದಶಕಗಳಿಗೂ ಮೀರಿ ನಾವು ಮೊದಲನೆಯದನ್ನೇ ಅಳೆಯುತ್ತ ಬಂದಿದ್ದೇವೆ. ಯಾವ ಚಾಪೆರೋನ್, ಯಾವ ಹಿಸ್ಟೋನ್, ಎಷ್ಟು ಬಿಗಿ? ದಾಟಿಸುವುದಕ್ಕೆ ನಮ್ಮ ಸ್ಲೈಡುಗಳಲ್ಲಿ ಒಂದು ಬಾಣದ ಗುರುತು ಹಾಕಿ ಮುಗಿಸುತ್ತೇವೆ.

ಹಿಡಿತದ ಅಧ್ಯಯನದಿಂದ ಏನೂ ಬರಲಿಲ್ಲ ಅಂತಲ್ಲ. ಎಎಸ್‌ಎಫ್1 ಎಂಬ ಚಾಪೆರೋನ್ ಎಚ್3-ಎಚ್4 ಹಿಸ್ಟೋನ್ ಜೋಡಿಯನ್ನು ಹಿಡಿಯುವುದು, ಎರಡು ಎಚ್3ಗಳು ಒಂದಕ್ಕೊಂದು ಕೂಡುವ ಮುಖದಲ್ಲೇ ಎಂದು 2006-07ರ ಸ್ಫಟಿಕ ರಚನೆಗಳು ತೋರಿಸಿದಾಗ ನಾನು ಕುಣಿದಿದ್ದೆ. ಎಚ್3ರ ರೂಪಗಳಲ್ಲಿ ಎಚ್3.1 ಕ್ಯಾಫ್-1ರ ಪಾಲು, ಎಚ್3.3 ಹೈರಾ ಎಂಬ ಚಾಪೆರೋನ್‌ನ ಪಾಲು ಎಂದು 2004ರಲ್ಲಿ ತಿಳಿದದ್ದೂ ಸಣ್ಣ ಮಾತಲ್ಲ. ಜಕ್ಕೂರಿನಲ್ಲಿ ತಪಸ್ ಕುಂಡು ಅವರ ಪ್ರಯೋಗಾಲಯ, ಎನ್‌ಪಿಎಂ1 ಎಂಬ ಹಿಸ್ಟೋನ್ ಚಾಪೆರೋನ್‌ಗೆ ಅಸಿಟೈಲೀಕರಣವಾದಾಗ ಅದರ ಕೈಚಳಕ ಹೆಚ್ಚುತ್ತದೆಂದು 2005ರಲ್ಲಿ ತೋರಿಸಿತು. ವೀರ್ಯಾಣು ರೂಪುಗೊಳ್ಳುವಾಗ ಹಿಸ್ಟೋನುಗಳು ಹೇಗೆ ಜಾಗ ಖಾಲಿಮಾಡುತ್ತವೆ ಎಂಬುದರ ಬೆನ್ನು ಹತ್ತಿದ್ದ ಎಂ.ಆರ್.ಎಸ್. ರಾವ್ ಅವರನ್ನು ಇಲ್ಲಿ ನೆನೆಯಲೇಬೇಕು. ಬಿಟ್ಟುಹೋಗುವುದನ್ನು ಅಧ್ಯಯನದ ವಿಷಯವೆಂದು ಕಂಡ ಕೆಲವರಲ್ಲಿ ಅವರೊಬ್ಬರು.

ಉಳಿದ ನಾವು ಏನು ಮಾಡಿದೆವು? ಬಾಲ ಕತ್ತರಿಸಿದೆವು. ಈ ಚಾಪೆರೋನ್‌ಗಳಲ್ಲಿ ಬಹಳಷ್ಟಕ್ಕೆ ಉದ್ದನೆಯ ಆಮ್ಲೀಯ ಬಾಲವಿದೆ. ನಿಶ್ಚಿತ ಆಕಾರವಿಲ್ಲದೆ ತೇಲಾಡುವ ಬಾಲ. ಅದಿದ್ದರೆ ರಚನೆ ನೋಡಲು ಬೇಕಾದ ಸ್ಫಟಿಕ ಕೂಡುವುದಿಲ್ಲ. ನಾನೂ ಕತ್ತರಿಸಿದವನೇ. ಸ್ಫಟಿಕ ಬಂತು, ಲೇಖನ ಬಂತು, ಈ ವೇದಿಕೆಯ ಕುರ್ಚಿಯೂ ಬಂತು. ಒಂದು ಸಭೆಯಲ್ಲಿ ಎಂ.ಎಸ್ಸಿ. ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಬಾಲ ಇಲ್ದೆ ಅದು ಹಿಸ್ಟೋನನ್ನ ಹಿಡ್ಕೊಳತ್ತೆ, ಸರಿ. ಆಮೇಲೆ ಬಿಡತ್ತಾ?” ಅಂದಳು. ನಾನು ‘ಮುಂದಿನ ಸ್ಲೈಡ್’ ಅಂದುಬಿಟ್ಟೆ. ಆ ಮಗುವಿಗೆ ಇವತ್ತಿಗೂ ಉತ್ತರ ಕೊಟ್ಟಿಲ್ಲ.

ಈ ಪ್ರಶ್ನೆ ಸುಲಭದ್ದಲ್ಲ. ಹಿಸ್ಟೋನ್ ಚಾಪೆರೋನ್ ಎಟಿಪಿ ಸುಡುವುದಿಲ್ಲ, ಅಂದರೆ ಕೈ ಬಿಡಿಸಲು ಹೊರಗಿನ ಶಕ್ತಿಯ ಸಹಾಯವಿಲ್ಲ. ಫ್ಯಾಕ್ಟ್ ಅನ್ನು ನೋಡಿ: ಆರ್‌ಎನ್‌ಎ ಪಾಲಿಮರೇಸ್ ಬರುವಾಗ ನ್ಯೂಕ್ಲಿಯೋಸೋಮನ್ನು ಸಡಿಲಿಸುವುದೂ ಅದೇ, ಹಾದುಹೋದ ಮೇಲೆ ಮತ್ತೆ ಕಟ್ಟಲು ನೆರವಾಗುವುದೂ ಅದೇ. ಈಗ ಬಿಚ್ಚು, ಈಗ ಕಟ್ಟು ಎಂದು ಅದಕ್ಕೆ ಹೇಳುವವರು ಯಾರು?

ಎರಡು ಸುಳಿವುಗಳಿವೆ. ಕರೋಲಿನ್ ಲೂಗರ್ ಅವರ ಗುಂಪು 2010ರಲ್ಲಿ ನ್ಯಾಪ್1 ಎಂಬ ಚಾಪೆರೋನ್ ಬಗ್ಗೆ ಹೇಳಿದ್ದು ನನ್ನ ಗಿಣ್ಣಿನ ಕಥೆಯನ್ನೇ: ಅದರ ಮುಖ್ಯ ಕೆಲಸ ಹಿಸ್ಟೋನನ್ನು ಹೊತ್ತು ತರುವುದಕ್ಕಿಂತ, ಡಿಎನ್‌ಎ ಮೇಲೆ ತಪ್ಪಾಗಿ ಅಂಟಿಕೊಂಡದ್ದನ್ನು ಬಿಡಿಸುವುದು. ಎರಡನೆಯದು 2018ರದ್ದು. ಪ್ರೋಥೈಮೋಸಿನ್ ಆಲ್ಫಾ ಎಂಬ, ಇಡೀ ಮೈಯೇ ಬಾಲವಾಗಿರುವ ಚಾಪೆರೋನ್, ಎಚ್1 ಹಿಸ್ಟೋನನ್ನು ಅತಿ ಬಿಗಿಯಾಗಿ ಹಿಡಿಯುತ್ತದೆ. ಕೂಡಿದ ಮೇಲೂ ಎರಡಕ್ಕೂ ಆಕಾರ ಬರುವುದಿಲ್ಲ. ಹಾಗಿರುವುದರಿಂದಲೇ ಮೂರನೆಯವರು ನಡುವೆ ನುಸುಳಬಹುದು, ಕೈ ಬದಲಾಗಬಹುದು. ಬಿಗಿಯಾಗಿ ಹಿಡಿದೂ ಬೇಗ ಬಿಡಬಹುದೆಂದು ನಮಗೆ ಕಲಿಸಿದ್ದು, ನಾವು ಕತ್ತರಿಸಿ ಎಸೆದಂಥ ಬಾಲವೇ.

ಆದರೆ ಎಚ್3-ಎಚ್4ಕ್ಕೂ ಇದೇ ಲೆಕ್ಕವೇ? ನನ್ನ ನಿದ್ದೆ ಕೆಡಿಸಿರುವುದು ಇದು. ಕೋಶ ಇಬ್ಭಾಗವಾಗುವ ಮುನ್ನ ಡಿಎನ್‌ಎ ಎರಡಾಗುವಾಗ, ಹಳೆಯ ಎಚ್3-ಎಚ್4 ಹಿಸ್ಟೋನುಗಳು ತಮ್ಮ ರಾಸಾಯನಿಕ ಗುರುತುಗಳ ಸಮೇತ ಎರಡೂ ಎಳೆಗಳಿಗೆ ಹಂಚಿಕೆಯಾಗಬೇಕು. ಒಂದು ಎಳೆಗೆ ಎಂಸಿಎಂ2 ಪ್ರೋಟೀನು, ಇನ್ನೊಂದಕ್ಕೆ ಪಾಲಿಮರೇಸ್ ಎಪ್ಸಿಲಾನ್‌ನ ಎರಡು ಸಣ್ಣ ಭಾಗಗಳು ದಾಟಿಸಲು ನೆರವಾಗುತ್ತವೆ ಎಂದು 2018ರಲ್ಲಿ ತಿಳಿಯಿತು. ಯಾರ ಕೈಯಿಂದ ಎಲ್ಲಿಗೆ ಎಂಬುದಾಯಿತು. ಆ ಕೈ ಸಡಿಲವಾಗುವ ಗಳಿಗೆಯನ್ನು ಯಾರೂ ಕಣ್ಣಾರೆ ಕಂಡಿಲ್ಲ. ಯಕೃತ್ತಿನ ಕೋಶಕ್ಕೆ ತಾನು ಯಕೃತ್ತೆಂಬ ನೆನಪು ಉಳಿಯುವುದರಲ್ಲಿ ಆ ಗಳಿಗೆಯ ಪಾಲೂ ಇದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕಾಫಿ ಆರಿದರೆ ತಪ್ಪು ನನ್ನದೇ. ಎಳೆಯರಲ್ಲಿ ನನ್ನದೊಂದೇ ವಿನಂತಿ. ಬಾಲ ಕತ್ತರಿಸಿದರೆ ಕತ್ತರಿಸಿ, ಆದರೆ ಪೂರ್ಣ ಪ್ರೋಟೀನಿನ ಪ್ರಯೋಗವನ್ನೂ ಪಕ್ಕದಲ್ಲೇ ಇಡಿ, ಸ್ಫಟಿಕ ಬರದಿದ್ದದ್ದನ್ನೂ ಬರೆಯಿರಿ. ಮಧ್ಯಾಹ್ನ ಭಿತ್ತಿಪತ್ರಗಳ ಮುಂದೆ ನಿಂತಾಗ, ಹಿಡಿತ ಎಷ್ಟು ಬಿಗಿ ಎಂದು ಕೇಳಿದ ಮೇಲೆ, ಬಿಟ್ಟದ್ದು ಹೇಗೆ ಎಂದೂ ಕೇಳಿ. ಮುಂದಿನ ಸ್ಲೈಡಿಗೆ ಹೋಗಲು ಯಾರನ್ನೂ ಬಿಡಬೇಡಿ, ನನ್ನನ್ನೂ.